ಊರಿನ ಯಂತ್ರಗಳಿಗೆಲ್ಲ ಒಂದೇ ಬಾಯಿ

ನಮ್ಮ ಅಂಗಡಿಯಲ್ಲಿ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ, ಟಾರ್ಚು, ಗಡಿಯಾರ ಮಾರುತ್ತಾರೆ. ಮುಂದಿನ ಕೌಂಟರಿನಲ್ಲಿ ಗೆರೆಯಣ್ಣ ನಿಲ್ಲುತ್ತಾನೆ. ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೆಟ್ಟದ್ದನ್ನು ರಿಪೇರಿ ಮಾಡುತ್ತ ನಾನು ಕೂರುತ್ತೇನೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಅವನು ಮಾರಿದ ಸಾಮಾನು ನನ್ನ ಕೋಣೆಗೆ ಬರುವುದು ಬಹಳ ಕಡಿಮೆ, ಅದಕ್ಕೆ ಕಾರಣ ಅವನ ಸೀಮೆಸುಣ್ಣ.

ಹೊಸ ಸಾಮಾನು ಯಾವುದೇ ಬರಲಿ, ಅವನು ನೇರ ಕೌಂಟರಿಗೆ ಏರಿಸುವವನಲ್ಲ. ಒಂದನ್ನು ಮನೆಗೆ ಒಯ್ದು ಹದಿನೈದು ದಿನ ಬಳಸುತ್ತಾನೆ. ಮಿಕ್ಸಿಯಾದರೆ ಹೆಂಡತಿಯ ಕೈಗೆ ಕೊಡುತ್ತಾನೆ, ಟಾರ್ಚಾದರೆ ಬೇಕೆಂದೇ ಮೆಟ್ಟಿಲ ಮೇಲಿಂದ ಬೀಳಿಸುತ್ತಾನೆ. ಎಲ್ಲ ಸರಿಯಿದ್ದರೆ ಆ ಜಾತಿಯ ಡಬ್ಬಿಗಳ ಎಡಮೂಲೆಯಲ್ಲಿ ಹೆಬ್ಬೆರಳುದ್ದದ ಒಂದು ಬಿಳಿ ಗೆರೆ ಎಳೆಯುತ್ತಾನೆ. ಸರಿಯಿಲ್ಲದಿದ್ದರೆ ಗೆರೆ ಇಲ್ಲ, ಅಷ್ಟೆ. ಬೈಯುವುದೂ ಇಲ್ಲ, ಹೊಗಳುವುದೂ ಇಲ್ಲ. ಗಿರಾಕಿಗಳು ಕಂಪನಿಯ ಹೆಸರು ಕೇಳುತ್ತಿರಲಿಲ್ಲ. "ಗೆರೆ ಇದೆಯಾ?" ಎಂದು ಕೇಳುತ್ತಿದ್ದರು. ಹಾಗಾಗಿಯೇ ಅವನು ಗೆರೆಯಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಅವನ ಹೆಂಡತಿಗೂ ಮರೆತಿರಬೇಕು.

ಮನೆ ಎಂದರೆ ಅಂಗಡಿಯ ಮಹಡಿ ಮೇಲಿನ ಎರಡು ಕೋಣೆ. ಅಂಗಡಿಯ ಮಾಲೀಕ ಗೆರೆಯಣ್ಣನ ಹೆಂಡತಿಯ, ಎಂದರೆ ನನ್ನ ಬಾಯಲ್ಲಿ ಅತ್ತಿಗೆಯ, ಸ್ವಂತ ತಮ್ಮ. ಅಕ್ಕ ಕಣ್ಣೆದುರಿಗೇ ಇರಲಿ ಎಂದು ಅವನೇ ಆ ಕೋಣೆಗಳನ್ನು ಬಿಟ್ಟುಕೊಟ್ಟಿದ್ದ. ಮೆಟ್ಟಿಲು ಇಳಿಯುವುದು ಸೀದಾ ಕೌಂಟರಿನ ಹಿಂದಕ್ಕೆ. ಬೇರೆ ಬಾಗಿಲಿಲ್ಲ. ಹಾಲು ತರಬೇಕಾದರೂ, ಔಷಧಿ ತರಬೇಕಾದರೂ, ಸುಮ್ಮನೆ ಗಾಳಿಗೆ ಹೋಗಬೇಕಾದರೂ ಗೆರೆಯಣ್ಣ ಅಂಗಡಿಯೊಳಗಿಂದಲೇ ಹೋಗಬೇಕು. ಹೋಗುವಾಗ ಯಾರಾದರೂ ಒಬ್ಬ ಗಿರಾಕಿ, "ಅಣ್ಣಾ, ಒಂದು ನಿಮಿಷ" ಎನ್ನುತ್ತಿದ್ದ. ಆ ಒಂದು ನಿಮಿಷದಲ್ಲೇ ಅವನ ಅರ್ಧ ಆಯಸ್ಸು ಕಳೆದಿದೆ.

ಹೋದ ವರ್ಷ ಕೈಯಾಳು ಬಂತು. ಕಂಪನಿಯವರು ಇಟ್ಟ ಹೆಸರು ಬೇರೆ, ಅದು ನಮ್ಮ ನಾಲಿಗೆಯಲ್ಲಿ ಹೊರಳಲಿಲ್ಲ. ಸಾಬೂನಿನ ಬಿಲ್ಲೆಯಷ್ಟು ದೊಡ್ಡ ಯಂತ್ರ, ಅಂಗೈಯಲ್ಲಿ ಕೂರುತ್ತದೆ. ಕೇಳಿದ್ದಕ್ಕೆ ಉತ್ತರ ಹೇಳುತ್ತದೆ, ಪತ್ರ ಬರೆದುಕೊಡುತ್ತದೆ, ಮಾತ್ರೆ ನುಂಗುವ ಹೊತ್ತು ನೆನಪಿಸುತ್ತದೆ. ಮಾಲೀಕ ಅದನ್ನು ಕೈಯಲ್ಲಿ ಹಿಡಿದು ಕೂಸು ಆಡಿಸುವ ಹಾಗೆ ಆಡಿಸಿದ.

"ಭಾವ, ಇನ್ನು ಮಿಕ್ಸಿ ಫ್ಯಾನು ಎಲ್ಲ ಹಳೇ ಕಾಲದ್ದು. ನೂರು ಡಬ್ಬಿಗೆ ಹೇಳಿದೀನಿ. ನೀವು ಗೆರೆ ಎಳೆದುಬಿಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ."

"ಹದಿನೈದು ದಿನ ಕೊಡಪ್ಪಾ," ಎಂದ ಗೆರೆಯಣ್ಣ.

ಕೊಟ್ಟರು. ಅವನು ಒಂದು ಕೈಯಾಳನ್ನು ಎತ್ತಿಕೊಂಡು ಮೇಲೆ ಹೋದ. ಶುರುವಿನಲ್ಲಿ ಅದು ಹನ್ನೆರಡು ವಾಕ್ಯ ಹೇಳಿಸಿತಂತೆ. ಇವನು ಕೌಂಟರಿನಲ್ಲಿ ಮಾತಾಡುವ ಹಾಗೆಯೇ, ನಿಧಾನವಾಗಿ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಹೇಳಿದ. ಅಲ್ಲಿಂದ ಮುಂದೆ ಅದು ಇವನ ಮಾತು ಕೇಳಿತು. ರೈಲಿನ ಹೊತ್ತು ಸರಿಯಾಗಿ ಹೇಳಿತು. ಅಂಗಿಯ ಮೇಲಿನ ಮಸಿ ಕಲೆ ತೆಗೆಯುವುದು ಹೇಗೆ ಎಂದು ಹೇಳಿತು, ಕಲೆಯೂ ಹೋಯಿತು. ಅತ್ತಿಗೆಗೆ ಮಾತಾಡಿಸು ಎಂದರೆ ಅವರು ಸೆರಗು ಕೊಡವಿದರು.

"ನಿಮ್ಮ ಹತ್ರ ಮಾತಾಡೋಕೇ ನನಗೆ ಪುರುಸೊತ್ತಿಲ್ಲ. ಇನ್ನು ಆ ಬಿಲ್ಲೆ ಹತ್ರ ಏನು ಮಾತಾಡ್ಲಿ?"

ಅವತ್ತು ಅತ್ತಿಗೆ ಒಂದೇ ಒಂದು ಮಾತು ಆಡಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಹತ್ತನೇ ದಿನವೋ ಹನ್ನೊಂದನೇ ದಿನವೋ ಗೆರೆಯಣ್ಣ ನನ್ನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತ. ಮುಖ ಸರಿಯಿರಲಿಲ್ಲ.

"ಕೆಂಡಾ," ಎಂದ. ನನ್ನನ್ನು ಅಂಗಡಿಯಲ್ಲಿ ಕರೆಯುವುದು ಹಾಗೆ, ಯಾಕೆ ಎಂದು ನನ್ನ ಸಿಟ್ಟು ಕಂಡವರಿಗೆ ಹೇಳಬೇಕಾಗಿಲ್ಲ. "ನಮ್ಮನೆ ಮೆಟ್ಟಿಲು ಎಷ್ಟಿವೆ?"

"ಹತ್ತೊಂಬತ್ತು."

"ನಿನಗೆ ಗೊತ್ತು. ನೀನು ಹತ್ತಿದೀಯ. ಇದನ್ನ ಕೇಳಿದೆ. ಹದಿನಾರು ಅಂತು."

"ಮೂರು ಹೆಚ್ಚುಕಮ್ಮಿ ಆದ್ರೆ ಏನು ಗಂಟು ಹೋಯ್ತು?"

"ಗಂಟಲ್ಲ ಕಣೋ. ಗೊತ್ತಿಲ್ಲ ಅನ್ನಬೇಕಿತ್ತು. ಹತ್ತು ದಿನದಿಂದ ನೋಡ್ತಿದೀನಿ, ಒಂದೇ ಒಂದು ಸಲ ಗೊತ್ತಿಲ್ಲ ಅಂದಿಲ್ಲ. ಗೊತ್ತಿರೋದನ್ನೂ ಅದೇ ದನಿಯಲ್ಲಿ ಹೇಳುತ್ತೆ, ಗೊತ್ತಿಲ್ಲದ್ದನ್ನೂ ಅದೇ ದನಿಯಲ್ಲಿ ಹೇಳುತ್ತೆ. ಇದಕ್ಕೆ ನಾನು ಹೆಂಗೆ ಗೆರೆ ಎಳೀಲಿ?"

ನಾನು ಆಗಲೇ ಒಂದನ್ನು ಬಿಚ್ಚಿ ನೋಡಿದ್ದೆ. ಒಳಗಿನ ಬೆಸುಗೆ ಮುತ್ತು ಪೋಣಿಸಿದ ಹಾಗಿತ್ತು. ಅಂಥ ಕೆಲಸ ನಾನು ಜನ್ಮದಲ್ಲಿ ನೋಡಿರಲಿಲ್ಲ. ಕೆಡದ ಸಾಮಾನು ಒಳ್ಳೆಯ ಸಾಮಾನು ಎಂಬುದಷ್ಟೇ ನನ್ನ ಲೆಕ್ಕ.

ಹದಿನೈದು ದಿನ ಮುಗಿದಾಗ ಅವನು, "ಇನ್ನೊಂದು ತಿಂಗಳು ನೋಡ್ತೀನಿ" ಎಂದ. ಮಾಲೀಕ ಕೆಂಪಗಾದ. ಭಾನುವಾರಕ್ಕೆ ಮೊದಲ ಮಾರಾಟ ಎಂದು ಬೀದಿ ತುಂಬ ಚೀಟಿ ಅಂಟಿಸಿ ಆಗಿತ್ತು. ಆ ಚೀಟಿಯ ಮೂಲೆಯಲ್ಲಿ ಒಂದು ಬಿಳಿ ಗೆರೆಯನ್ನೂ ಅಚ್ಚು ಹಾಕಿಸಿಬಿಟ್ಟಿದ್ದ.

"ನನ್ನ ಕೇಳದೆ ಗೆರೆ ಹಾಕ್ಸಿದೀಯಲ್ಲಪ್ಪಾ."

"ನೀವು ಎಳೀತೀರ ಅಂತ ನಂಬಿಕೆ ಮೇಲೆ ಹಾಕ್ಸಿದೆ ಭಾವ. ಹೊರಗಿನವರಾಗಿದ್ರೆ ಕೇಳ್ತಿದ್ದೆ. ಒಂದೇ ಸೂರಿನ ಕೆಳಗೆ ಇದೀವಿ, ಇದನ್ನೂ ಕೇಳ್ಬೇಕಾ?"

ಸೂರು ಎಂದಾಗ ಅವನ ಕಣ್ಣು ಮಹಡಿಯ ಕಡೆ ಹೋಗಿ ಬಂತು. ಗೆರೆಯಣ್ಣನಿಗೂ ಕಂಡಿತು, ನನಗೂ ಕಂಡಿತು. ಆಗ ನಾನು ಗೆರೆಯಣ್ಣನ ಪರ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನಾಲ್ಕೈದು ದಿನದಿಂದ ಇದೇ ರಗಳೆ ಕೇಳಿ ಕೇಳಿ ನನಗೆ ತಲೆ ಕೆಟ್ಟಿತ್ತು. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಕುಕ್ಕಿದೆ.

"ನಾನೇ ಬಿಚ್ಚಿ ನೋಡಿದೀನಿ ಅಣ್ಣಾ, ಒಂದು ತಂತಿ ಆ ಕಡೆ ಈ ಕಡೆ ಇಲ್ಲ! ಯಂತ್ರ ಅಂದ್ಮೇಲೆ ಮೆಟ್ಟಿಲು ಎಣಿಸುತ್ತಾ? ಎಳೆದು ಬಿಸಾಕು ಒಂದು ಗೆರೆ, ಎಲ್ಲರಿಗೂ ನಿದ್ದೆ ಬರ್ಲಿ!"

ಅವನು ತಗಡಿನ ಡಬ್ಬಿಯಿಂದ ಸೀಮೆಸುಣ್ಣ ತೆಗೆದ. ನೂರು ಡಬ್ಬಿಗೂ ಎಳೆದ. ಗೆರೆಗಳು ಸಣ್ಣವು, ಹೆಬ್ಬೆರಳುದ್ದ ಇರಲಿಲ್ಲ, ಉಗುರುದ್ದ ಇದ್ದವು. ಉದ್ದ ಅಳೆದು ನೋಡುವವರು ಯಾರು?

ಭಾನುವಾರ ಬಾಗಿಲು ತೆರೆಯುವ ಮೊದಲೇ ಜನ ಸಾಲುಗಟ್ಟಿದ್ದರು. ಗೆರೆಯಣ್ಣನದು ಒಂದು ಪದ್ಧತಿ. ಯಾವ ಸಾಮಾನನ್ನೂ ಅವನು ಡಬ್ಬಿಯಲ್ಲಿ ಹಾಗೇ ಎತ್ತಿ ಕೊಟ್ಟವನಲ್ಲ. ಗಡಿಯಾರವಾದರೆ ಹೊತ್ತು ಸರಿ ಮಾಡಿ, ಟಾರ್ಚಾದರೆ ಶೆಲ್ಲು ಹಾಕಿ ಉರಿಸಿ, ಇಸ್ತ್ರಿಪೆಟ್ಟಿಗೆಯಾದರೆ ಒಮ್ಮೆ ಕಾಯಿಸಿ, "ಇನ್ನು ಬಳಸೋದೊಂದೇ ಬಾಕಿ" ಎಂದು ಎರಡೂ ಕೈಯಲ್ಲಿ ಕೊಡುವುದು. ಕೈಯಾಳಿಗೂ ಹಾಗೇ ಮಾಡಿದ. ಜನಕ್ಕೆ ಎಲ್ಲರೆದುರು ಒಂದು ಬಿಲ್ಲೆಯ ಹತ್ತಿರ ಮಾತಾಡಲು ನಾಚಿಕೆ. "ನೀವೇ ಹೇಳಿ ಅಣ್ಣಾ, ನಿಮಗೆ ಅಭ್ಯಾಸ" ಎಂದರು. ಅವನು ಒಂದೊಂದರ ಎದುರೂ ಆ ಹನ್ನೆರಡು ವಾಕ್ಯ ಹೇಳಿದ. ಮೈಕು ಸರಿಯಿದೆಯೇ ಎಂದು ನೋಡುವುದಕ್ಕೆ ಹೇಳಿಸುತ್ತದೆ ಎಂದು ಅವನು ತಿಳಿದಿದ್ದ, ನಾನೂ ತಿಳಿದಿದ್ದೆ. ಡಬ್ಬಿಯೊಳಗಿನ ಕಾಗದದ ಅಕ್ಷರ ಇರುವೆಗಿಂತ ಚಿಕ್ಕದು. ಸಂಜೆಯ ಹೊತ್ತಿಗೆ ಎಂಬತ್ತನಾಲ್ಕು ಹೋದವು. ಅವನ ಗಂಟಲು ಒಡೆದು ಕೋಳಿ ಕೂಗಿದ ಹಾಗಾಗಿತ್ತು.

ಸೋಮವಾರ ಬೆಳಿಗ್ಗೆ ಎಂಬತ್ತನಾಲ್ಕೂ ವಾಪಸು ಬಂದವು.

ಮೊದಲು ಬಂದವನು ಬಸ್ ಕಂಡಕ್ಟರ್. ಯೂನಿಫಾರ್ಮಿನಲ್ಲೇ ಇದ್ದ.

"ಏನಣ್ಣಾ ಇದು, ನಾನು ಏನು ಕೇಳಿದ್ರೂ ‘ಕ್ಷಮಿಸಿ, ದನಿ ಹೊಂದುತ್ತಿಲ್ಲ’ ಅನ್ನುತ್ತೆ. ರಾತ್ರಿಯೆಲ್ಲಾ ಕೂಗಾಡಿದೀನಿ. ನನ್ನ ಹೆಂಡ್ತಿ ಕೂಡ ಇಷ್ಟು ಮರ್ಯಾದೆಯಾಗಿ ನನ್ನ ಮಾತು ತಳ್ಳಿಹಾಕಿಲ್ಲ."

ಗೆರೆಯಣ್ಣ ಅದನ್ನು ತೆಗೆದುಕೊಂಡು, "ಇವತ್ತು ಮಳೆ ಬರುತ್ತಾ?" ಎಂದ. ತಕ್ಷಣ ಅದು ಹಾಡಿದ ಹಾಗೆ ಉತ್ತರ ಹೇಳಿತು. ಮುಂದಿನದೂ ಹಾಗೇ. ಅದರ ಮುಂದಿನದೂ.

ಮಾಲೀಕ ಕಂಪನಿಗೆ ಫೋನು ಮಾಡಿದ. ಆ ಕಡೆಯ ಹುಡುಗಿ ಜೇನು ಸುರಿದ ಹಾಗೆ ಮಾತಾಡಿದಳು. ಮೊದಲು ಹನ್ನೆರಡು ವಾಕ್ಯ ಹೇಳಿದವರೇ ಒಡೆಯರು, ಕಳ್ಳರ ಭಯ ಇರಬಾರದೆಂದು ಹಾಗೆ ಮಾಡಿದ್ದಾರೆ, ಒಡೆಯರ ದನಿ ಬದಲಿಸುವುದು ಕಾರ್ಖಾನೆಯಲ್ಲಿ ಮಾತ್ರ, ವಾರಕ್ಕೆ ನಾಲ್ಕು ಕಳಿಸಿ, ಸರದಿಯಲ್ಲಿ ಮಾಡಿಕೊಡುತ್ತೇವೆ. ಎಂಬತ್ತನಾಲ್ಕಕ್ಕೆ ಇಪ್ಪತ್ತೊಂದು ವಾರ. ಐದು ತಿಂಗಳು.

ಕೌಂಟರಿನ ಸುತ್ತ ಗಲಾಟೆ ಎದ್ದಿತು. ಮಾಲೀಕ ಕೈ ಎತ್ತಿದ.

"ಯಾರೂ ಗಾಬರಿಯಾಗ್ಬೇಡಿ. ಒಡೆಯರು ಎಲ್ಲೂ ಹೋಗಿಲ್ಲ, ಇಲ್ಲೇ ಇದಾರೆ. ಸರದಿ ಬರೋ ತನಕ ಏನು ಕೇಳ್ಬೇಕೋ ಇಲ್ಲಿಗೆ ತಂದು ಕೇಳಿಸ್ಕೊಳ್ಳಿ. ಭಾವ ಮೇಲೇ ಇರ್ತಾರೆ, ಹಗಲು ಯಾವಾಗ ಬೇಕಾದ್ರೂ ಸಿಗ್ತಾರೆ."

ಒಂದು ಕುರ್ಚಿ ಬಂತು. ಗಾಜಿನ ಪೆಟ್ಟಿಗೆಯ ಪಕ್ಕ ಅದನ್ನು ಹಾಕಿದರು. ಹತ್ತಿರ ಒಂದು ಲೋಟ ಬಿಸಿನೀರು. ಗೆರೆಯಣ್ಣ ಆ ಕುರ್ಚಿಯಲ್ಲಿ ಕೂತ.

ಮೊದಲ ವಾರ ನಾವು ನಗುತ್ತಿದ್ದೆವು. ನಿವೃತ್ತ ಹೆಡ್‌ಮಾಸ್ಟರರು ದಿನಾ ಹತ್ತಕ್ಕೆ ಬಂದು ಇವನ ಬಾಯಿಂದ ಪ್ರಪಂಚದ ರಾಜಧಾನಿಗಳನ್ನೆಲ್ಲ ಕೇಳಿಸುತ್ತಿದ್ದರು. ಉತ್ತರ ಅವರಿಗೆ ಮೊದಲೇ ಗೊತ್ತು, ಅದು ತಪ್ಪುತ್ತದೆಯೇ ಎಂದು ನೋಡುವ ಚಪಲ. ಕಂಡಕ್ಟರ್ ಊಟದ ಬಿಡುವಿನಲ್ಲಿ ಬಸ್ಸನ್ನೇ ಅಂಗಡಿ ಎದುರು ನಿಲ್ಲಿಸಿ ಬರುತ್ತಿದ್ದ. ಆದರೆ ಜನ ಕೇಳುವುದು ರಾಜಧಾನಿಗಳನ್ನಷ್ಟೇ ಅಲ್ಲವಲ್ಲ. ಕಂಡಕ್ಟರನಿಗೆ ಮಾತು ಬಿಟ್ಟ ಅಣ್ಣನಿಗೆ ಒಂದು ಪತ್ರ ಬರೆಸಬೇಕಿತ್ತು. ಅವನು ಗೆರೆಯಣ್ಣನ ಕಿವಿಯಲ್ಲಿ ಹೇಳಿದ, ಗೆರೆಯಣ್ಣ ಯಂತ್ರಕ್ಕೆ ಹೇಳಿದ. "ನಾನು ನಿನ್ನ ಕಾಲು ಹಿಡಿಯಬೇಕಾಗಿತ್ತು" ಎಂದು ಇಡೀ ಅಂಗಡಿ ಎದುರು ಹೇಳಿದವನು ಗೆರೆಯಣ್ಣ, ತಲೆ ತಗ್ಗಿಸಿ ನಿಂತವನು ಕಂಡಕ್ಟರ್. ಆಮೇಲೆ ಎಂಟು ದಿನ ಅವನು ಇವನ ಮುಖ ನೋಡಲಿಲ್ಲ.

ಗಂಡನ ಕುಡಿತ, ಮಗಳ ಮುಟ್ಟಿನ ನೋವು, ಕೆಲಸ ಬಿಡುವ ಅರ್ಜಿ, ಎಲ್ಲ ಇವನ ಬಾಯಿಂದಲೇ ದಾಟಬೇಕು. ಕ್ಷೌರಕ್ಕೆ ಕೂತಾಗ ಮುಖದ ತುಂಬ ನೊರೆ ಇದ್ದರೂ ಕ್ಷೌರಿಕನೇ ತನ್ನ ಕೈಯಾಳನ್ನು ಇವನ ಬಾಯಿಯ ಹತ್ತಿರ ಹಿಡಿದ. ಅತ್ತಿಗೆಯ ತಂಗಿಯ ಮನೆಯ ಗೃಹಪ್ರವೇಶಕ್ಕೆ ಹೊರಟಾಗ ಮಾಲೀಕ ಅಡ್ಡ ನಿಂತ. "ಎರಡು ದಿನ ಅಂದ್ರೆ ಜನ ಬಾಗಿಲು ಒಡೀತಾರೆ ಭಾವ. ಅಕ್ಕ ಹೋಗಿಬರ್ಲಿ." ಅತ್ತಿಗೆ ಒಬ್ಬರೇ ಹೋದರು. ನೆಗಡಿಯಾಗಿ ಗಂಟಲು ಕಟ್ಟಿದ ದಿನ ಬಂದ ಯಂತ್ರಗಳೆಲ್ಲ "ದನಿ ಹೊಂದುತ್ತಿಲ್ಲ" ಎಂದವು. ಜನ ಇವನ ಮೇಲೆ ರೇಗಿದರು. ಮಾಲೀಕ ಬಿಸಿನೀರಿಗೆ ಜೇನುತುಪ್ಪ ಹಾಕಿ ತಂದುಕೊಟ್ಟ, ಕುದುರೆಗೆ ಹುರುಳಿ ಇಟ್ಟ ಹಾಗೆ.

"ಮನೇಲಿ ಒಂದು ಮಾತೂ ಆಡಲ್ಲ ಕಣಪ್ಪಾ ಈಗ," ಎಂದು ಅತ್ತಿಗೆ ನನ್ನ ಹತ್ತಿರ ಹೇಳಿದರು. "ಅನ್ನ ಹಾಕ್ಲಾ ಅಂದ್ರೆ ಕೈಸನ್ನೆ. ಇದ್ದಬದ್ದ ಮಾತೆಲ್ಲ ಕೆಳಗೇ ಖರ್ಚಾಗಿ ಹೋಗುತ್ತೆ."

ಅವನು ಅಡಕತ್ತರಿಯಲ್ಲಿ ಸಿಕ್ಕಿದ್ದ. ಅದರ ಒಂದು ಬಾಯಿಯನ್ನು ಅದುಮಿದವನು ನಾನೇ. ಅದು ನೆನಪಾದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ತೀರಿಸಿಕೊಳ್ಳಲಿ ಎಂದು ತಿಳಿಯದೆ ಹಾಳಾದ ಮಿಕ್ಸಿಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಎರಡನೇ ತಿಂಗಳಲ್ಲಿ ಟೈಲರಮ್ಮ ಬಂದರು. ಎದುರು ಬೀದಿಯಲ್ಲಿ ಒಂದೇ ಕೋಣೆಯ ಹೊಲಿಗೆ ಅಂಗಡಿ ಅವರದು, ಒಬ್ಬರೇ ಇರುವುದು. ಅವರು ಕೊಂಡ ಇಸ್ತ್ರಿಪೆಟ್ಟಿಗೆ, ಫ್ಯಾನು, ದೀಪ ಎಲ್ಲಕ್ಕೂ ಗೆರೆ ಇತ್ತು. ಬೇರೆಯವರು ಹೋಗುವ ತನಕ ಕಾದು ಬಳಿಗೆ ಬಂದರು. ನಾನು ಬಾಗಿಲ ಹಿಂದೆ ಇದ್ದೆ.

"ಅಣ್ಣಾ, ಇದಕ್ಕೆ ಒಂದು ಮಾತು ಕೇಳಿ. ಬಲಗಣ್ಣಲ್ಲಿ ಕರೀ ಚುಕ್ಕೆ ಓಡಾಡ್ತಿವೆ. ನಾಲ್ಕು ದಿನದಿಂದ. ಒಂದೊಂದ್ಸಲ ಮಿಂಚು ಹೊಡೆದಂಗೆ ಆಗುತ್ತೆ."

ಗೆರೆಯಣ್ಣ ಕೇಳಿದ. ಯಂತ್ರ ಅದೇ ನಯದ ದನಿಯಲ್ಲಿ, ಮೆಟ್ಟಿಲು ಹದಿನಾರು ಎಂದ ದನಿಯಲ್ಲೇ, ಇದು ಸಾಮಾನ್ಯವಾಗಿ ಕಣ್ಣಿನ ದಣಿವು, ಒಂದೆರಡು ವಾರ ವಿಶ್ರಾಂತಿ ಕೊಟ್ಟರೆ ಸರಿಹೋಗುತ್ತದೆ ಎಂದಿತು.

ಟೈಲರಮ್ಮನ ಮುಖ ಹಗುರಾಯಿತು. "ಅಷ್ಟೇ ತಾನೇ. ಬದುಕಿದೆ."

"ಟೈಲರಮ್ಮಾ," ಎಂದ ಗೆರೆಯಣ್ಣ. "ಇದರ ಮಾತು ಬಿಡಿ. ಕಣ್ಣಿನ ಆಸ್ಪತ್ರೆಗೆ ಹೋಗಿ."

"ಯಾಕೆ? ಇದು ಹೇಳಿದ್ದು ಸುಳ್ಳಾ?"

"ನನಗೆ ಗೊತ್ತಿಲ್ಲ. ಇದಕ್ಕೂ ಗೊತ್ತಿಲ್ಲ. ಆದ್ರೆ ಗೊತ್ತಿಲ್ಲ ಅನ್ನೋದಕ್ಕೆ ಇದಕ್ಕೆ ಬರಲ್ಲ."

ಟೈಲರಮ್ಮ ಅವನನ್ನು ನೋಡಿದರು. ಆಮೇಲೆ ಕೈಯಾಳಿನ ಡಬ್ಬಿ ತೆಗೆದು, ಎಡಮೂಲೆಯನ್ನು ಅವನ ಕಡೆ ತಿರುಗಿಸಿ ಮೇಜಿನ ಮೇಲಿಟ್ಟರು.

"ಹಾಗಾದ್ರೆ ಇದನ್ನ ಯಾಕೆ ಎಳೆದ್ರಿ? ನಾನು ಈ ಬಿಲ್ಲೆ ನೋಡಿ ತಗೊಂಡೆ ಅಂದ್ಕೊಂಡ್ರಾ? ಇದನ್ನ ನೋಡಿ ತಗೊಂಡೆ. ಒಂದು ಬಾಯಲ್ಲಿ ನಂಬು ಅಂತೀರ, ಅದೇ ಬಾಯಲ್ಲಿ ನಂಬಬೇಡ ಅಂತೀರ. ನಾನು ಯಾವುದನ್ನ ಕೇಳ್ಲಿ? ಕಣ್ಣು ನನ್ನದು ಅಣ್ಣಾ. ನನ್ನ ಅನ್ನ ಅದು."

ಟೈಲರಮ್ಮ ಡಬ್ಬಿ ಎತ್ತಿಕೊಂಡು ಹೊರಟುಹೋದರು, ಆಸ್ಪತ್ರೆಗಲ್ಲ, ಅವರ ಮಶೀನಿನ ಮುಂದೆ ಹೋಗಿ ಕೂತರು. ನಮ್ಮ ಬಾಗಿಲಿಂದ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಅವನು ಹತ್ತೊಂಬತ್ತು ಮೆಟ್ಟಿಲಿಳಿದು ಬಂದಾಗ ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ಕುರ್ಚಿಯಲ್ಲಿ ಕೂರಲಿಲ್ಲ. ಉಳಿದಿದ್ದ ಹದಿನಾರು ಡಬ್ಬಿಗಳನ್ನು ಕೆಳಗಿಳಿಸಿ ಒಂದೊಂದರ ಗೆರೆಯನ್ನೂ ಒರೆಸಿದ. ಆಮೇಲೆ ಹೊರಗಿನ ಕರಿಹಲಗೆ, ಮಾಲೀಕ ರಿಯಾಯಿತಿ ಬರೆಯುವ ಹಲಗೆ, ಅದನ್ನೂ ಒರೆಸಿ ಬರೆದ: "ಕೈಯಾಳಿನ ಮೇಲಿನ ಗೆರೆ ತಪ್ಪು. ಎಳೆದವನು ನಾನು."

ಮಾಲೀಕ ಓಡಿಬಂದ.

"ಭಾವ, ತಲೆ ನೆಟ್ಟಗಿದೆಯಾ? ಇದು ತಪ್ಪು ಅಂದ್ರೆ ನಾಳೆ ಮಿಕ್ಸಿ ಮೇಲಿನ ಗೆರೆಯನ್ನೂ ಯಾರೂ ನಂಬಲ್ಲ!"

"ನಂಬಬೇಡಿ ಅಂತಾನೇ ಬರೆದಿದೀನಿ."

"ಇಪ್ಪತ್ತಾರು ವರ್ಷದ ಹೆಸರು!"

"ಹೌದಪ್ಪಾ. ಅದು ನನ್ನದಲ್ವಾ? ಅಳಿಸೋದೂ ನನ್ನ ಕೈಯಲ್ಲೇ ಆಗ್ಬೇಕು."

"ಮೇಲಿನ ಮನೆ ನೆನಪಿರ್ಲಿ ಭಾವ." ಕೊನೆಗೂ ಅದು ಬಾಯಿಗೆ ಬಂತು.

ಮೆಟ್ಟಿಲಿನ ಮೇಲಿಂದ ಅತ್ತಿಗೆಯ ದನಿ ಕೇಳಿತು. ಜೋರಾಗೇನೂ ಇರಲಿಲ್ಲ. "ನೆನಪಿದೆ ಕಣೋ. ಯಾವತ್ತು ಖಾಲಿ ಮಾಡ್ಬೇಕು ಹೇಳು, ಪಾತ್ರೆ ಕಟ್ಟಿಡ್ತೀನಿ."

ಮಾಲೀಕ ಅಕ್ಕನನ್ನು ನೋಡಿದ, ನನ್ನನ್ನು ನೋಡಿದ. ಈ ಸಲ ನಾನು ಕೋಣೆಯಿಂದ ಹೊರಗೆ ಬಂದು ಗೆರೆಯಣ್ಣನ ಪಕ್ಕ ನಿಂತಿದ್ದೆ. ಅವನು ಹಲಗೆ ಎತ್ತಿ ಒಳಗಿಡಲಿಲ್ಲ. ಸಿಡುಕಿಕೊಂಡು ಹೋಗಿ ಫ್ಯಾನುಗಳ ಹಿಂದೆ ಕೂತ.

ಗೆರೆಯಣ್ಣ ಎದುರು ಬೀದಿಗೆ ಹೋಗಿ ಟೈಲರಮ್ಮನ ಬಾಗಿಲಲ್ಲಿ ನಿಂತ. "ಹಲಗೆ ಓದಿ, ಆಮೇಲೆ ನನ್ನ ಜೊತೆ ಬನ್ನಿ" ಎಂದ. ಅವರು ಅಲ್ಲಿಂದಲೇ ಒಂದು ಕಣ್ಣು ಮುಚ್ಚಿ ಓದಿದರು. ಮಶೀನಿನ ಮೇಲೆ ಬಟ್ಟೆ ಹೊದಿಸಿ ಎದ್ದರು. ಕಣ್ಣಿನ ಹಿಂಬದಿಯ ಪರದೆಯಲ್ಲಿ ಒಂದು ಕಡೆ ಸಣ್ಣದಾಗಿ ಹರಿದಿತ್ತಂತೆ. ಆಸ್ಪತ್ರೆಯವರು ಅವತ್ತೇ ಅದನ್ನು ಲೇಸರ್ ಬೆಳಕಿನಿಂದ ಸುಟ್ಟು ಕೂಡಿಸಿದರು. ಎರಡು ವಾರ ವಿಶ್ರಾಂತಿ ಎಂದು ಸುಮ್ಮನೆ ಕೂತಿದ್ದರೆ ಏನಾಗುತ್ತಿತ್ತು ಎಂದು ಟೈಲರಮ್ಮ ಕೇಳಿದಾಗ ಡಾಕ್ಟರಮ್ಮ, "ಹೇಳೋಕಾಗಲ್ಲ" ಎಂದರಂತೆ. ಆ ಮಾತು ಕೇಳಿ ಗೆರೆಯಣ್ಣನಿಗೆ ಅಳು ಬಂತಂತೆ. ಯಾಕೆ ಎಂದು ನಾನು ಕೇಳಲಿಲ್ಲ.

ಇಷ್ಟಾದ ಮೇಲೆ ಅವನು ಬಿಡುಗಡೆಯಾದ ಎಂದುಕೊಳ್ಳಬೇಡಿ. ದನಿ ಬದಲಿಸುವ ಸರದಿ ವಾರಕ್ಕೆ ನಾಲ್ಕೇ. ಉಳಿದ ಮೂರು ತಿಂಗಳೂ ಅವನು ಅದೇ ಕುರ್ಚಿಯಲ್ಲಿ ಕೂತ, ಬಂದವರಿಗೆಲ್ಲ ಬಾಯಾದ. ಒಂದೇ ವ್ಯತ್ಯಾಸ: ಕೇಳುವ ಮೊದಲು, "ಇದು ಗೊತ್ತಿಲ್ಲ ಅನ್ನಲ್ಲ, ನೆನಪಿಟ್ಕೊಳ್ಳಿ" ಎನ್ನುತ್ತಿದ್ದ. ಕೆಲವರು ಕೇಳದೆ ವಾಪಸು ಹೋದರು, ಕೆಲವರು ಅವನಿಗೇ ಬೈದರು. ಹೆಡ್‌ಮಾಸ್ಟರರು ಮಾತ್ರ ತಮ್ಮದನ್ನು ಕಾರ್ಖಾನೆಗೆ ಕಳಿಸಲು ಒಪ್ಪಲೇ ಇಲ್ಲ. ಈಗಲೂ ದಿನಾ ಹತ್ತಕ್ಕೆ ರಾಜಧಾನಿ ಕೇಳಿಸಲು ಬರುತ್ತಾರೆ, ಅವರ ಮಟ್ಟಿಗೆ ಇವನು ಇನ್ನೂ ಬಿಡುಗಡೆಯಾಗಿಲ್ಲ. ಮನೆ ಖಾಲಿ ಮಾಡಿ ಎಂದು ಮಾಲೀಕ ಮತ್ತೆ ಹೇಳಲಿಲ್ಲ, ಇರಿ ಎಂದೂ ಹೇಳಲಿಲ್ಲ. ಮೆಟ್ಟಿಲು ಇವತ್ತಿಗೂ ಕೌಂಟರಿನ ಹಿಂದಕ್ಕೇ ಇಳಿಯುತ್ತದೆ.

ಸೀಮೆಸುಣ್ಣದ ಡಬ್ಬಿಯನ್ನು ಅವನು ಆಮೇಲೆ ಮುಟ್ಟಲಿಲ್ಲ. ಮುಚ್ಚಳದ ಮೇಲೆ ಧೂಳು ಕೂತಿತ್ತು. ಹೋದ ತಿಂಗಳು ಹೊಸ ಜಾತಿಯ ಇಸ್ತ್ರಿಪೆಟ್ಟಿಗೆ ಬಂತು. ಟೈಲರಮ್ಮ ಕನ್ನಡಕ ಏರಿಸಿಕೊಂಡು ಡಬ್ಬಿಯ ಎಡಮೂಲೆ ನೋಡಿದರು.

"ಗೆರೆ ಎಲ್ಲಿ?"

"ನಾನು ಎಳೆಯೋದು ಬಿಟ್ಟಿದೀನಿ ಟೈಲರಮ್ಮಾ. ಇಸ್ತ್ರಿ ನಿಮ್ಮ ಕಸುಬು. ನೀವೇ ಒಯ್ದು ಹದಿನೈದು ದಿನ ನೋಡಿ, ನನಗೆ ಬಂದು ಹೇಳಿ."

ಅವರು ಒಯ್ದರು. ಸರಿಯಾಗಿ ಹದಿನಾರನೇ ದಿನ ಬಂದು, ಕೌಂಟರಿನೊಳಕ್ಕೆ ಕೈ ಹಾಕಿ ಸೀಮೆಸುಣ್ಣದ ಡಬ್ಬಿ ತೆಗೆದರು. ಧೂಳನ್ನು ಉಫ್ ಎಂದು ಊದಿ, ಒಂದು ಚೂರು ಆರಿಸಿಕೊಂಡು, ಇಸ್ತ್ರಿಪೆಟ್ಟಿಗೆಯ ಡಬ್ಬಿಯ ಎಡಮೂಲೆಯಲ್ಲಿ ಬಟ್ಟೆಯ ಮೇಲೆ ಗುರುತು ಹಾಕುವ ಹಾಗೆ ನೇರವಾಗಿ ಎಳೆದರು. ಗೆರೆಯಣ್ಣ ಬಗ್ಗಿ ನೋಡಿದ.

"ಇದೇನು, ಇಷ್ಟೇ ಉದ್ದ?"

"ಚೆನ್ನಾಗಿ ಕಾಯುತ್ತೆ. ಆದ್ರೆ ವಯರು ಗಿಡ್ಡ, ನನ್ನ ಮೇಜಿಗೆ ಮುಟ್ಟಲ್ಲ," ಎಂದರು ಟೈಲರಮ್ಮ. "ಅದಕ್ಕೇ ಅರ್ಧ."